ಅರಳಿಕಟ್ಟೆಯಿಂದ ಕೌಲಾಲಂಪುರಕ್ಕೆ: ಗೆಳೆಯರ ಗುಂಪು ಮೊದಲ ಸಲ ವಿದೇಶಕ್ಕೆ ಹೊರಡುವ ಮುನ್ನ ಮಾಡಬೇಕಾದ ಕೆಲಸಗಳು

ಗಣೇಶನನ್ನು ನೀರಿಗೆ ಬಿಟ್ಟು ಬಂದ ರಾತ್ರಿ. ಅರಳಿಕಟ್ಟೆ ಮೇಲೆ ಪುಳಿಯೋಗರೆ ತಿನ್ನುತ್ತಾ ಕೂತಿದ್ದೆವು. ಪ್ರತಿ ವರ್ಷದ ಹಾಗೆ ಗೋವಾ ಮಾತು ಬಂತು. ಆಗ ಒಬ್ಬ, "ಗೋವಾ ಸಾಕು ಕಣ್ಲಾ, ಮಲೇಷ್ಯಾಕ್ಕೆ ಹೋಗ್ಬುಡಾನಾ" ಅಂದ. ಎರಡು ನಿಮಿಷ ನಗು. ಮೂರನೇ ನಿಮಿಷಕ್ಕೆ ವಾಟ್ಸಾಪ್ ಗುಂಪು ತಯಾರಾಗಿತ್ತು. ಬೆಳಗಾಗುವಷ್ಟರಲ್ಲಿ ಅದರಲ್ಲಿ 23 ಜನ, ಕೌಲಾಲಂಪುರದ ಅವಳಿ ಗೋಪುರದ ನಲವತ್ತು ಫೋಟೋ. ಪಾಸ್‌ಪೋರ್ಟ್ ಇದ್ದದ್ದು ಮೂವರ ಹತ್ತಿರ.

ಹತ್ತು ತಿಂಗಳ ನಂತರ ಹೊರಟವರು 14 ಮಂದಿ. ಲೆಕ್ಕ ಮತ್ತು ಕಾಗದದ ಕೆಲಸ ನನ್ನ ತಲೆಗೆ ಬಿದ್ದಿತ್ತು. ಮಂಡ್ಯ ಕಡೆಯ ಒಂದು ಹಳ್ಳಿ ಗುಂಪು ಏನೇನು ಮಾಡಿತು, ಎಲ್ಲಿ ಎಡವಿತು ಅನ್ನೋದನ್ನು ಬರೆಯುತ್ತಿದ್ದೇನೆ. ನೀವು ಥಾಯ್ಲೆಂಡಿಗೋ ವಿಯೆಟ್ನಾಮಿಗೋ ಹೊರಟಿದ್ದರೂ ಮುಕ್ಕಾಲು ಪಾಲು ಕೆಲಸ ಇದೇ. ವೀಸಾ ಭಾಗ ಮಾತ್ರ ಬೇರೆ.

ಮೊದಲು: ಬರುವವರು ಯಾರು?

"ನಾನೂ ಬರ್ತೀನಿ" ಅನ್ನೋದಕ್ಕೆ ದುಡ್ಡು ಖರ್ಚಾಗಲ್ಲ. ಅದಕ್ಕೇ ಎಲ್ಲರೂ ಅನ್ನುತ್ತಾರೆ. ನಾವು ಇಟ್ಟ ಪರೀಕ್ಷೆ ಸರಳ. 15 ದಿನದೊಳಗೆ ಪಾಸ್‌ಪೋರ್ಟ್ ಶುಲ್ಕ ಕಟ್ಟಿ, ಅಪಾಯಿಂಟ್‌ಮೆಂಟ್ ಚೀಟಿಯ ಫೋಟೋ ಗುಂಪಿಗೆ ಹಾಕಬೇಕು. ದೊಡ್ಡವರಿಗೆ 36 ಪುಟದ ಪಾಸ್‌ಪೋರ್ಟಿಗೆ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ ಇನ್ನೂ 2,000. ಪ್ರವಾಸ ನಿಂತುಹೋದರೂ ಈ ದುಡ್ಡು ಎಲ್ಲೂ ಹೋಗಲ್ಲ, ಪಾಸ್‌ಪೋರ್ಟ್ 10 ವರ್ಷ ನಡೆಯುತ್ತದೆ. ಹಾಗಾಗಿ ಯಾರೂ ತಕರಾರು ಮಾಡಲಿಲ್ಲ. 15 ದಿನಕ್ಕೆ 23 ಜನ 16 ಆದರು. ಆಮೇಲೆ ಒಬ್ಬನಿಗೆ ಮದುವೆ ಗೊತ್ತಾಯಿತು, ಒಬ್ಬಳಿಗೆ ಹೊಸ ಕೆಲಸ ಸಿಕ್ಕಿ ರಜೆ ಸಿಗಲಿಲ್ಲ.

ಟಿಕೆಟ್ ಆಫರ್ ಕಂಡ ಕೂಡಲೇ ಮೊದಲು ಟಿಕೆಟ್ ಮಾಡೋಣ ಅನ್ನುವವನೊಬ್ಬ ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನ ಮಾತು ಕೇಳಬೇಡಿ. ಹುರುಪು ಬಿಸಿ ಇರುವಾಗಲೇ ಬೇಜಾರಿನ ಕೆಲಸ, ಅಂದರೆ ಕಾಗದದ ಕೆಲಸ, ಮುಗಿಸಿಬಿಡಿ. ಆರು ತಿಂಗಳಾದ ಮೇಲೆ ಆಧಾರ್ ಕೇಂದ್ರದ ಸಾಲಲ್ಲಿ ನಿಲ್ಲಿ ಅಂದರೆ ಒಬ್ಬನೂ ನಿಲ್ಲಲ್ಲ.

ದಿನಾಂಕ ಇಡುವಾಗ ಊರಿನ ಲೆಕ್ಕ ನೋಡಿ. ನಾವು ಆಷಾಢ ಹಿಡಿದೆವು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, "ಅಕ್ಕನ ಮಗಳ ಮದುವೆ, ಬರಕ್ಕಾಗಲ್ಲ" ಅನ್ನುವ ನೆಪ ಇಲ್ಲ. ಬೇಸಾಯ ಮಾಡುವ ಇಬ್ಬರಿಗೆ ನಾಲೆ ನೀರು ಬಿಡುವ ಮುಂಚೆ ವಾಪಸ್ ಬರಬೇಕಿತ್ತು. ಅದಕ್ಕೆ ಆಷಾಢದ ಮೊದಲ ವಾರ. "ಆಷಾಢದಲ್ಲಿ ದೂರ ಪ್ರಯಾಣ ಯಾಕ್ರೋ" ಅಂತ ಹಿರಿಯರು ಗೊಣಗಿದ್ದು ನಿಜ. ಅದಕ್ಕೆ ಉತ್ತರ ನಮ್ಮ ಹತ್ತಿರ ಇರಲಿಲ್ಲ, ಸುಮ್ನೆ ತಲೆಯಾಡಿಸಿದೆವು.

ಹೆಸರು: ಅತಿ ಹೆಚ್ಚು ದಿನ ತಿಂದ ಕೆಲಸ

ನಮ್ಮ ಕಡೆಯ ಹೆಸರುಗಳಿಗೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರಲ್ಲ. ಪಾಸ್‌ಪೋರ್ಟಿನಲ್ಲಿ ಇದೇ ತಲೆನೋವು. ಒಬ್ಬ ಮಂಜುನಾಥ ಇದ್ದಾನೆ ಅಂದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಕೆ ಎನ್". ಆಧಾರಿನಲ್ಲಿ ಬರೀ "ಮಂಜುನಾಥ್". ಪ್ಯಾನಿನಲ್ಲಿ "ಮಂಜುನಾಥ ನಂಜೇಗೌಡ". ಮೂರೂ ಒಬ್ಬನೇ ಅಂತ ಊರಿಗೆಲ್ಲ ಗೊತ್ತು. ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲ, ಗೊತ್ತಾಗಬೇಕು ಅಂತ ಬಯಸುವುದೂ ತಪ್ಪು.

ನಾವು ಒಂದು ಭಾನುವಾರ ಎಲ್ಲರ ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ತರಿಸಿ ಕಟ್ಟೆ ಮೇಲೆ ಹರಡಿಕೊಂಡು ಕೂತೆವು. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರ, ಹುಟ್ಟಿದ ತಾರೀಖು, ಅಪ್ಪನ ಹೆಸರು, ವಿಳಾಸ. ಹೊಸದಾಗಿ ಮಾಡಿಸಬೇಕಿದ್ದ ಹನ್ನೊಂದು ಜನರಲ್ಲಿ ಎಲ್ಲವೂ ಸರಿಯಾಗಿ ಹೊಂದಿದ್ದು ನಾಲ್ವರದ್ದು. ನೀವೂ ಹೀಗೇ ಮಾಡಿ:

ಮಾರ್ಕ್ಸ್ ಕಾರ್ಡನ್ನು ಆಧಾರವಾಗಿ ಇಟ್ಟುಕೊಳ್ಳಿ. ಅದನ್ನು ತಿದ್ದಿಸುವುದೇ ಎಲ್ಲಕ್ಕಿಂತ ಕಷ್ಟ. ಅದಕ್ಕೆ ಹೊಂದುವ ಹಾಗೆ ಆಧಾರ್ ತಿದ್ದಿಸಿ. ಆದರೆ ಹುಷಾರು, ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ತಾರೀಖಿಗೆ ಒಂದೇ. ಸೈಬರ್ ಸೆಂಟರಿನವರು ಅವಸರದಲ್ಲಿ ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಗೇ ಹಾಕುವಂತಿಲ್ಲ, ಬಿಡಿಸಿ ಬರೆಯಬೇಕು. ಕೆ ಅಂದರೆ ಊರು, ಎನ್ ಅಂದರೆ ಅಪ್ಪ. ಸರ್‌ನೇಮ್ ಜಾಗ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಬರುತ್ತದೆ. ತೊಂದರೆ ಆಮೇಲೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಪದದ ಹೆಸರಿನ ಪ್ರವಾಸಿಗಳ ವಿಚಾರದಲ್ಲಿ ಬಿಗಿ ಮಾಡಿದೆ. ಮುಂದೆ ದುಬೈಗೂ ಹೋಗುವ ಆಸೆ ಇದ್ದರೆ ಅಪ್ಪನ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿಸುವುದೇ ಒಳ್ಳೆಯದು.

ಎಸ್‌ಎಸ್‌ಎಲ್‌ಸಿ ಪಾಸಾದವರು ಮಾರ್ಕ್ಸ್ ಕಾರ್ಡ್ ತೋರಿಸಿ "ನಾನ್ ಇಸಿಆರ್", ಅಂದರೆ ಹೊರದೇಶದ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಬೇಡದ, ಪಾಸ್‌ಪೋರ್ಟ್ ಪಡೆಯಬಹುದು. ಹತ್ತನೇ ತರಗತಿ ದಾಟದವರದ್ದರಲ್ಲಿ ಸಾಮಾನ್ಯವಾಗಿ "ಇಸಿಆರ್" ಅಂತ ಅಚ್ಚಾಗಿರುತ್ತದೆ. ಅಂಥವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ಆ ಪಟ್ಟಿಯಲ್ಲಿ ಮಲೇಷ್ಯಾವೂ ಇದೆ. ಸುತ್ತಾಡಲು ಹೋಗುವವರಿಗೆ ಈ ಒಪ್ಪಿಗೆ ಬೇಡ. ಆದರೆ ಏರ್‌ಪೋರ್ಟಿನಲ್ಲಿ ನಾಲ್ಕು ಪ್ರಶ್ನೆ ಜಾಸ್ತಿ ಬರುತ್ತವೆ. ನಮ್ಮಲ್ಲಿ ಒಬ್ಬನದು ಇಂಥ ಪಾಸ್‌ಪೋರ್ಟ್. ಅವನ ಕೈಗೆ ವಾಪಸ್ ಟಿಕೆಟ್, ಹೋಟೆಲ್ ಕಾಗದ ಬೇರೆಯಾಗಿ ಕೊಟ್ಟಿದ್ದೆವು.

ಅರ್ಜಿಯಿಂದ ಪೊಲೀಸ್ ಠಾಣೆವರೆಗೆ

ಅರ್ಜಿಯನ್ನು ಸರ್ಕಾರದ ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಹಾಕಿ. ಅದೇ ಥರ ಕಾಣುವ, ದುಡ್ಡು ಜಾಸ್ತಿ ಕೀಳುವ ತಾಣಗಳು ಹುಡುಕಾಟದಲ್ಲಿ ಮೊದಲೇ ಬಂದು ಕೂರುತ್ತವೆ. ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯಾ ನೋಡಿಕೊಳ್ಳಿ. ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಅಂಚೆ ಕಚೇರಿಯೊಳಗಿನ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲೇ ಮೊದಲು ಶುರುವಾದದ್ದು ನಮ್ಮ ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ, 2017ರ ಜನವರಿಯಲ್ಲಿ. ಈಗ ಬೇರೆ ಬೇರೆ ಜಿಲ್ಲೆಗಳಲ್ಲೂ ಇವೆ. ಎಲ್ಲರಿಗೂ ಒಂದೇ ದಿನ ಅಪಾಯಿಂಟ್‌ಮೆಂಟ್ ಸಿಗಲಿ ಅಂತ ಕಾಯಬೇಡಿ, ಸಿಕ್ಕವರು ಸಿಕ್ಕ ದಿನ ಹೋಗಿಬರಲಿ.

ಒಂದು ಮಾತು, ಬೆಂಗಳೂರಿನ ಪಿಜಿಯಲ್ಲಿ ಇರುವವರಿಗೆ. ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ ಪೊಲೀಸ್ ಪರಿಶೀಲನೆ ಬರುತ್ತದೆ. ಊರಿನ ವಿಳಾಸ ಕೊಟ್ಟಿದ್ದರೆ ಠಾಣೆಯಿಂದ ಫೋನ್ ಬಂದಾಗ ಊರಲ್ಲಿರಬೇಕು. ನಮ್ಮ ಇಬ್ಬರು "ಇವತ್ತು ಬರಕ್ಕಾಗಲ್ಲ ಸಾರ್, ಶನಿವಾರ ಬರ್ತೀನಿ" ಅಂತ ಮೂರು ಶನಿವಾರ ಕಳೆದರು. ಅವರ ಪಾಸ್‌ಪೋರ್ಟ್ ಎಲ್ಲರದಕ್ಕಿಂತ ಒಂದೂವರೆ ತಿಂಗಳು ತಡ. ಮೂಲ ದಾಖಲೆ, ಒಂದು ಜೊತೆ ಜೆರಾಕ್ಸ್, ಎರಡು ಫೋಟೋ ಮನೆಯಲ್ಲಿ ಕವರಿನಲ್ಲಿ ಇಟ್ಟಿರಿ.

ಮೊದಲೇ ಪಾಸ್‌ಪೋರ್ಟ್ ಇದ್ದ ಆ ಮೂವರು ಮೆರೆಯುತ್ತಿದ್ದರು. ತೆಗೆದು ನೋಡಿದರೆ ಒಬ್ಬನದು ನಾವು ಹೋಗುವ ಹೊತ್ತಿಗೆ ನಾಲ್ಕೇ ತಿಂಗಳು ಬಾಕಿ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಅವನೂ ಸಾಲಲ್ಲಿ ನಿಂತ.

ದುಡ್ಡು ಯಾರ ಹತ್ತಿರ ಇರಬೇಕು?

ಅವರವರ ಹತ್ತಿರವೇ. ಇದರಲ್ಲಿ ನಾನು ಹಟ ಹಿಡಿದೆ. ಎಲ್ಲರೂ ಒಬ್ಬನ ಖಾತೆಗೆ ಹಾಕುವುದು, ಚೀಟಿ ಥರ ನಡೆಸುವುದು, ಇದೆಲ್ಲ ಗೆಳೆತನ ಕೆಡಿಸುವ ದಾರಿ. ಒಬ್ಬ ಮಧ್ಯದಲ್ಲಿ ಬಿಟ್ಟರೆ ವಾಪಸ್ ಕೊಡುವ ಜಗಳ. ನಾವು ಪ್ರತಿಯೊಬ್ಬರೂ ಅವರವರ ಬ್ಯಾಂಕಿನಲ್ಲಿ ಹತ್ತು ತಿಂಗಳ ಆರ್‌ಡಿ ತೆರೆದೆವು, ತಿಂಗಳಿಗೆ 5,000. ಪ್ರತಿ ತಿಂಗಳ 5ನೇ ತಾರೀಖು ಕಟ್ಟಿದ ಮೆಸೇಜಿನ ಸ್ಕ್ರೀನ್‌ಶಾಟ್ ಗುಂಪಿಗೆ. ಕಟ್ಟದವರಿಗೆ ದಂಡ ಇಲ್ಲ, ಬರೀ ಕಾಲೆಳೆಯುವುದು. ಅದು ದಂಡಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಟಿಕೆಟ್ ಮಾಡುವ ಹೊತ್ತಿಗೆ ಆರ್‌ಡಿ ಪೂರ್ತಿ ಆಗಿರಲ್ಲ ಅನ್ನೋದು ಮಾತ್ರ ನೆನಪಿರಲಿ. ಅದಕ್ಕೆ ಕೈಯಿಂದ ಬೇರೆ ಹೊಂದಿಸಬೇಕು.

ಗಣೇಶನ ಚಂದಾದಲ್ಲಿ ಉಳಿದದ್ದನ್ನು ಸೇರಿಸೋಣ ಅಂತ ಒಬ್ಬ ತಮಾಷೆಗೆ ಅಂದ. ತಮಾಷೆಗೂ ಬೇಡ. ಊರಿನವರು ಲೆಕ್ಕ ಕೇಳುತ್ತಾರೆ, ಕೇಳಲೇಬೇಕು.

ಏಜೆನ್ಸಿ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಅಂತ ಒಂದು ತೆರಿಗೆ ಮೇಲೆ ಹಿಡಿಯುತ್ತಾರೆ. ಅದು ನಷ್ಟವಲ್ಲ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತಗೋಬಹುದು. ಆದರೆ ಈಗ ಕೈಯಿಂದ ಹೋಗುವುದಂತೂ ಹೌದು, ಬಜೆಟ್ಟಿನಲ್ಲಿ ಸೇರಿಸಿ.

ವೀಸಾ ಮತ್ತು ಟಿಕೆಟ್

ಮಲೇಷ್ಯಾ ಆರಿಸಲು ದೊಡ್ಡ ಕಾರಣ ವೀಸಾ. 2023ರ ಡಿಸೆಂಬರ್ 1ರಿಂದ ಭಾರತೀಯ ಪ್ರವಾಸಿಗಳಿಗೆ ಅಲ್ಲಿ 30 ದಿನದವರೆಗೆ ವೀಸಾ ಬೇಡ. ಈ ಸವಲತ್ತನ್ನು 2026ರ ಕೊನೆವರೆಗೆ ಮುಂದುವರಿಸಿದ್ದಾರೆ. ಇಂಥ ನಿಯಮ ಬದಲಾಗುತ್ತಿರುತ್ತವೆ. ಟಿಕೆಟ್ ಮಾಡುವ ದಿನ ಒಮ್ಮೆ, ಹೊರಡುವ ವಾರ ಒಮ್ಮೆ ಸರ್ಕಾರಿ ತಾಣದಲ್ಲಿ ನೋಡಿ. ಬೆಂಗಳೂರಿನಿಂದ ಕೌಲಾಲಂಪುರಕ್ಕೆ ನೇರ ವಿಮಾನ ಇದೆ, ಸುಮಾರು ನಾಲ್ಕು ಗಂಟೆ. ನಮ್ಮೂರಿಂದ ದೇವನಹಳ್ಳಿಗೆ ಹೋಗೋದೇ ಅದರ ಹತ್ತಿರ ಬರುತ್ತದೆ, ಟ್ರಾಫಿಕ್ ಇದ್ದರೆ.

ಟಿಕೆಟ್ ತಾಣಗಳಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 9 ಜನರಿಗೇ ಮಾಡಲು ಆಗುವುದು. ಇನ್ನೊಂದು ಗುಟ್ಟು ಇದೆ. ಅಗ್ಗದ ದರದಲ್ಲಿ ನಾಲ್ಕೇ ಸೀಟು ಉಳಿದಿದ್ದು ನೀವು ಏಳು ಕೇಳಿದರೆ, ಏಳಕ್ಕೂ ಮೇಲಿನ ದರ ಬೀಳುತ್ತದೆ. ಮೊದಲು ಒಬ್ಬರಿಗೆ ಬೆಲೆ ನೋಡಿ, ಆಮೇಲೆ ನಾಲ್ವರಿಗೆ, ಆಮೇಲೆ ಏಳು ಜನಕ್ಕೆ. ನಾವು ನಾಲ್ಕು, ಐದು, ಐದು ಅಂತ ಮೂರು ಟಿಕೆಟ್ ಮಾಡಿದೆವು. ಹೆಸರನ್ನು ಪಾಸ್‌ಪೋರ್ಟ್ ನೋಡಿಕೊಂಡೇ ಟೈಪ್ ಮಾಡಿ. ಒಬ್ಬ ಟೈಪ್ ಮಾಡಲಿ, ಇನ್ನೊಬ್ಬ ಓದಲಿ. ಸರ್‌ನೇಮ್ ಇಲ್ಲದವರಿಗೆ ಹೆಸರನ್ನೇ ಎರಡು ಸಲ ಹಾಕುವ ಪದ್ಧತಿ ಕೆಲವು ಕಡೆ ಇದೆ. ಪ್ರತಿ ವಿಮಾನ ಸಂಸ್ಥೆಯದೂ ಒಂದೊಂದು ರೀತಿ, ಮೊದಲೇ ಕೇಳಿ.

ಅದೇ ದಿನ ಪ್ರವಾಸ ವಿಮೆಯನ್ನೂ ಮಾಡಿಸಿಬಿಡಿ. "ನಾಳೆ ನೋಡೋಣ" ಅಂದರೆ ಮರೆತುಹೋಗುತ್ತದೆ.

ಮನೆಯವರು

ಕಾಗದಕ್ಕಿಂತ ನಾಜೂಕು ಇದು. ನಮ್ಮ ಗುಂಪಿನಲ್ಲಿ ಐವರು ಹೆಣ್ಣುಮಕ್ಕಳು. ಅವರ ಮನೆಗಳಿಗೆ ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಒಂದು ಸಂಜೆ ಎಲ್ಲರ ಅಪ್ಪ ಅಮ್ಮಂದಿರನ್ನು ಒಬ್ಬರ ಮನೆ ಜಗಲಿಗೆ ಕರೆದೆವು. ಕಾಫಿ, ಮದ್ದೂರು ವಡೆ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲು: ಎಲ್ಲಿ ಇರ್ತೀವಿ, ಹೋಟೆಲ್ ಫೋನ್ ನಂಬರ್ ಏನು, ಯಾವ ವಿಮಾನ, ಯಾರ ಜೊತೆ ಯಾರ ರೂಮು. ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟೆವು.

ಬಂದ ಪ್ರಶ್ನೆಗಳು ನಾವು ಅಂದುಕೊಂಡವೇ ಅಲ್ಲ. "ಪಾಸ್‌ಪೋರ್ಟ್ ಕಳೆದುಹೋದ್ರೆ ವಾಪಸ್ ಬಿಡ್ತಾರಾ?" ಅಂತ ಒಬ್ಬ ತಂದೆ ಕೇಳಿದರು. ಅದಕ್ಕೆ ಉತ್ತರ ಸಿದ್ಧವಿರಲಿ. ಮೊದಲು ಅಲ್ಲಿನ ಪೊಲೀಸ್ ದೂರು, ಆಮೇಲೆ ಕೌಲಾಲಂಪುರದ ಭಾರತೀಯ ಹೈಕಮಿಷನ್. ಅಲ್ಲಿ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ. ಇನ್ನೊಬ್ಬರ ಅಜ್ಜಿ, "ಅಲ್ಲಿ ಮುದ್ದೆ ಸಿಗ್ತದಾ?" ಅಂದರು. ಸಿಗಲ್ಲ ಅಂದೆವು. ಬಾಳೆ ಎಲೆ ಊಟ, ಇಡ್ಲಿ, ದೋಸೆ ಸಿಗುತ್ತದೆ. ಬ್ರಿಕ್‌ಫೀಲ್ಡ್ಸ್ ಅನ್ನುವ ಬಡಾವಣೆಗೆ ಲಿಟ್ಲ್ ಇಂಡಿಯಾ ಅಂತಲೇ ಹೆಸರು. ತಮಿಳು ಬಂದರೆ ಅಲ್ಲಿ ಆರಾಮ, ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರ ಅರೆಬರೆ ತಮಿಳೂ ನಡೆಯಿತು. ಅಜ್ಜಿಗೆ ಸಮಾಧಾನ ಆಗಲಿಲ್ಲ. ಅದರ ಫಲ ಮುಂದೆ ಬ್ಯಾಗಿನಲ್ಲಿ ಕಾಣಿಸಿತು.

ಕಾರ್ಡು, ಕರೆನ್ಸಿ, ಫೋನು

ನಿಮ್ಮ ಡೆಬಿಟ್ ಕಾರ್ಡ್ ವಿದೇಶದಲ್ಲಿ ತಾನಾಗಿ ನಡೆಯಲ್ಲ. ಬ್ಯಾಂಕ್ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಅನ್ನುವುದನ್ನು ನೀವೇ ಆನ್ ಮಾಡಬೇಕು. ಊರಲ್ಲೇ ಮಾಡಿಕೊಳ್ಳಿ, ಅಲ್ಲಿ ಹೋಗಿ ಒಟಿಪಿಗೆ ಒದ್ದಾಡಬೇಡಿ. ಯುಪಿಐ ಇದೆಯಲ್ಲ ಅಂತ ಬರಿಗೈಲಿ ಹೊರಡಬೇಡಿ. ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲಿ ಕಟ್ತೀರಾ, ರಿಂಗಿಟ್‌ನಲ್ಲಾ" ಅಂತ ಕೇಳಿದರೆ ಅಲ್ಲಿನ ದುಡ್ಡಾದ ರಿಂಗಿಟ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ವಿದೇಶಿ ನೋಟುಗಳನ್ನು ಪರವಾನಗಿ ಇರುವ ಕಡೆ ಮಾತ್ರ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಪ್ಯಾನ್ ಮತ್ತು ಪಾಸ್‌ಪೋರ್ಟ್ ಒಯ್ಯಿರಿ. ಒಬ್ಬರು ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯ ನೋಟು ಒಯ್ಯಬಹುದು. ನಮ್ಮಂಥವರಿಗೆ ಅಷ್ಟು ಎಲ್ಲಿಂದ ಬರಬೇಕು. ಭಾರತದ ನೋಟಾದರೆ 25,000 ರೂಪಾಯಿವರೆಗೆ ಜೇಬಿನಲ್ಲಿರಬಹುದು. ವಾಪಸ್ ಬಂದಾಗ ಟಿಟಿಗೆ (ಟೆಂಪೋ ಟ್ರಾವೆಲರ್), ಟೋಲಿಗೆ, ದಾರಿಯ ತಿಂಡಿಗೆ ಬೇಕಲ್ಲ.

ಫೋನಿಗೆ ಎಲ್ಲರೂ ರೋಮಿಂಗ್ ಹಾಕಿಸುವುದು ದಂಡ. ನಾವು ಮೂವರು ಹಾಕಿಸಿದೆವು, ಮಿಕ್ಕವರು ಅಲ್ಲಿ ಇಳಿದ ಮೇಲೆ ಲೋಕಲ್ ಸಿಮ್ ತಗೊಂಡರು. ಚಾರ್ಜರ್ ವಿಷಯ ಮರೆಯಬೇಡಿ. ಅಲ್ಲಿನ ಗೋಡೆ ಸಾಕೆಟ್ಟು ಮೂರು ಚಪ್ಪಟೆ ಕಡ್ಡಿಯದು, ನಮ್ಮ ದುಂಡು ಪಿನ್ನು ಕೂರಲ್ಲ. ರೂಮಿಗೊಂದು ಅಡಾಪ್ಟರ್, ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಾಕು.

ಬ್ಯಾಗು ಕಟ್ಟುವ ರಾತ್ರಿ

ಇದೇ ನಿಜವಾದ ಹಬ್ಬ. ಹೊರಡುವ ಎರಡು ದಿನ ಮುಂಚೆ ಎಲ್ಲರ ಬ್ಯಾಗನ್ನೂ ಒಂದೇ ಮನೆಗೆ ತರಿಸಿ. ಬಿಡಿಬಿಡಿಯಾಗಿ ಕಟ್ಟಿದರೆ ತೂಕ ಮೀರುವುದು ಗ್ಯಾರಂಟಿ. ಕಡಿಮೆ ದರದ ಟಿಕೆಟ್ಟಿಗೆ ಸಾಮಾನ್ಯವಾಗಿ 7 ಕೆಜಿ ಕೈಚೀಲ ಮಾತ್ರ. ದೊಡ್ಡ ಬ್ಯಾಗಿಗೆ ಬೇರೆ ದುಡ್ಡು. ಅದನ್ನು ಏರ್‌ಪೋರ್ಟಿನಲ್ಲಿ ಕಟ್ಟಿದರೆ ದುಬಾರಿ, ಮೊದಲೇ ಆನ್‌ಲೈನಿನಲ್ಲಿ ಕಟ್ಟಿದರೆ ಅಗ್ಗ. 14 ಜನಕ್ಕೆ 20 ಕೆಜಿಯ ಐದು ಬ್ಯಾಗ್ ನಮಗೆ ಸಾಕಾಯಿತು. ತೂಕಕ್ಕೆ ರೇಷ್ಮೆಗೂಡು ತೂಗುವ ನೇತಾಡುವ ತಕ್ಕಡಿ ತಂದೆವು. ಬ್ಯಾಗು ಕೊಕ್ಕೆಗೆ ಸಿಕ್ಕಿಸಿ ತೂಗುವಾಗ ಬೀದಿಯ ಅರ್ಧ ಜನ ಬಾಗಿಲಲ್ಲಿ.

ಏನು ಬೇಡ ಅನ್ನೋದು ಮುಖ್ಯ.

ಒಣ ಕೊಬ್ಬರಿ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುವ ವಸ್ತು ಅಂತ ವಿಮಾನದ ನಿಯಮ. ದೊಡ್ಡ ಬ್ಯಾಗಿನಲ್ಲೂ ಬಿಡಲ್ಲ. ಒಬ್ಬಳ ಅಮ್ಮ ಚಟ್ನಿಪುಡಿಗೆ ಇರಲಿ ಅಂತ ಇಟ್ಟಿದ್ದ ಎರಡು ಗಿಟಕನ್ನು ಅಲ್ಲೇ ತೆಗೆಸಿದೆವು. ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸ, ಯುಎಇಯಂಥ ಕಡೆ ನಿಷೇಧಿತ ವಸ್ತು. ಯಾವ ದೇಶಕ್ಕೆ ಹೋದರೂ ಇದನ್ನು ಮನೆಯಲ್ಲೇ ಬಿಟ್ಟುಹೋಗಿ. ಹಸಿ ಹಣ್ಣು, ಬೀಜ, ಸಸಿ, ಮಾಂಸದ ಪದಾರ್ಥ ಬೇಡ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು, 100 ವ್ಯಾಟ್ ಅವರ್ ಒಳಗಿನದು. ಉಪ್ಪಿನಕಾಯಿ, ತುಪ್ಪ, ಕೊಬ್ಬರಿ ಎಣ್ಣೆ ದೊಡ್ಡ ಬ್ಯಾಗಿಗೆ. ಕೈಚೀಲದಲ್ಲಿ ದ್ರವ ಏನಿದ್ದರೂ 100 ಎಂಎಲ್ ಡಬ್ಬಿಗೆ ಮೀರಬಾರದು.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುವುದು ಇದು: ಬೇರೆಯವರ ಪೊಟ್ಟಣ ಒಯ್ಯಬೇಡಿ. "ನಮ್ಮ ಹುಡುಗ ಅಲ್ಲೇ ಇದಾನೆ, ಇದೊಂದು ಕೊಟ್ಬಿಡಪ್ಪ" ಅಂತ ಬಂದೇ ಬರುತ್ತಾರೆ. ಮಲೇಷ್ಯಾದಲ್ಲಿ ಮಾದಕ ವಸ್ತು ಸಾಗಾಟಕ್ಕೆ ಮರಣದಂಡನೆವರೆಗೂ ಶಿಕ್ಷೆ ಇದೆ. ಒಳಗೆ ಬರೀ ಹುರಿಗಾಳೇ ಇರಬಹುದು. ಆದರೂ ಕೈಮುಗಿದು ಇಲ್ಲ ಅನ್ನಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಒಯ್ಯಬೇಕಾದ್ದು: ತೆಳು ಹತ್ತಿ ಬಟ್ಟೆ, ಛತ್ರಿ. ಅಲ್ಲಿ ವರ್ಷವಿಡೀ ಸೆಕೆ, ಯಾವಾಗ ಬೇಕಾದರೂ ಮಳೆ. ಕೌಲಾಲಂಪುರದ ಹತ್ತಿರದ ಬಾತು ಗುಹೆಯ ಮುರುಗನ್ ಗುಡಿಗೆ ಹೋಗುವ ದಿನಕ್ಕೆ ಮಂಡಿ ಮುಚ್ಚುವ ಬಟ್ಟೆ. ಅಲ್ಲಿ 272 ಮೆಟ್ಟಿಲು ಹತ್ತಬೇಕು, ಚಪ್ಪಲಿ ಗಟ್ಟಿಯಿರಲಿ, ಕೋತಿಗಳಿವೆ, ಕೈಯಲ್ಲಿ ತಿಂಡಿ ಬೇಡ. ದಿನಾ ತಗೊಳ್ಳುವ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗೆ. ತಿಂಡಿಗೆ ನಿಪ್ಪಟ್ಟು, ಕೋಡುಬಳೆ, ಒಗ್ಗರಣೆ ಅವಲಕ್ಕಿ. ಆ ಅಜ್ಜಿ ಎರಡು ಕೆಜಿ ರಾಗಿ ಹಿಟ್ಟು ಕಳಿಸಿದ್ದರು. ಹೋಟೆಲ್ ರೂಮಿನಲ್ಲಿ ಒಲೆ ಎಲ್ಲಿ? ಮೊಮ್ಮಗನ ಮುಖ ನೋಡಿ ಅರ್ಧ ಕೆಜಿ ಒಳಗೆ ಬಿಟ್ಟೆವು. ಹಾಗೇ ವಾಪಸ್ ಬಂತು.

ಕೊನೆಯ ಮೂರು ದಿನ

ಮಲೇಷ್ಯಾಕ್ಕೆ ಎಂಡಿಎಸಿ ಅನ್ನುವ ಆನ್‌ಲೈನ್ ಆಗಮನ ಪತ್ರ ತುಂಬಬೇಕು. ಇಳಿಯುವ ದಿನಕ್ಕೆ ಮೂರು ದಿನದ ಒಳಗೆ, ಅದಕ್ಕೂ ಮೊದಲು ಆಗಲ್ಲ. ಇದು ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಬೇರೆ ಯಾರದೋ ತಾಣ, ಮುಚ್ಚಿಬಿಡಿ. ನಮ್ಮಲ್ಲಿ ಒಬ್ಬಳು ಎಲ್ಲರ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು ಒಂದೇ ಕೂರಿಕೆಯಲ್ಲಿ 14 ತುಂಬಿದಳು.

ಪ್ರತಿಯೊಬ್ಬರ ಕೈಗೂ ಒಂದು ಪ್ಲಾಸ್ಟಿಕ್ ಫೈಲು: ಹೋಗುವ ಮತ್ತು ಬರುವ ಟಿಕೆಟ್, ಹೋಟೆಲ್ ಬುಕಿಂಗ್, ಎಂಡಿಎಸಿ, ವಿಮೆ, ಪಾಸ್‌ಪೋರ್ಟ್ ಜೆರಾಕ್ಸ್. ಎಲ್ಲವನ್ನೂ ಲೀಡರ್ ಹತ್ತಿರ ಕೊಡಬೇಡಿ. ಇಮಿಗ್ರೇಷನ್ ಕೌಂಟರಿಗೆ ಒಬ್ಬೊಬ್ಬರೇ ಹೋಗಬೇಕು, ಲೀಡರ್ ಆಚೆ ಸಾಲಲ್ಲಿರುತ್ತಾನೆ. ಪ್ರಶ್ನೆಗಳನ್ನು ಟಿಟಿಯಲ್ಲೇ ಅಭ್ಯಾಸ ಮಾಡಿಸಿ: ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ, ಇಲ್ಲಿ ಏನು ಕೆಲಸ, ಖರ್ಚಿಗೆ ಎಷ್ಟು ಇದೆ. ಇದ್ದದ್ದು ಇದ್ದ ಹಾಗೆ, ಚಿಕ್ಕದಾಗಿ ಹೇಳಬೇಕು. "ಚಾನ್ಸ್ ಸಿಕ್ಕರೆ ಅಲ್ಲೇ ಇದ್ಬಿಡ್ತೀನಿ" ಅಂತ ನಗೆ ಹಾರಿಸುವ ಜಾಗ ಅದಲ್ಲ. ಹುಡುಗರ ಗುಂಪು ಅಂದರೆ ಅಲ್ಲೂ ಇಲ್ಲೂ ಸ್ವಲ್ಪ ಹೆಚ್ಚೇ ನೋಡುತ್ತಾರೆ.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬಂದಿವೆ. ಟಿಟಿ ಡ್ರೈವರಿಗೆ ಇದನ್ನು ಎರಡು ಸಲ ಹೇಳಿ. ವಿಮಾನದ ಸಮಯಕ್ಕಿಂತ ನಾಲ್ಕು ಗಂಟೆ ಮುಂಚೆ ಅಲ್ಲಿರುವ ಲೆಕ್ಕದಲ್ಲಿ ಊರು ಬಿಡಿ. ನಮ್ಮದು ರಾತ್ರಿಯ ವಿಮಾನ, ಮಧ್ಯಾಹ್ನ ಎರಡಕ್ಕೇ ಗುಡಿ ಮುಂದೆ ಟಿಟಿ. ತೆಂಗಿನಕಾಯಿ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಹತ್ತಿ ಕೂತ ಮೇಲೆ ಒಂದು ಕೆಲಸ ಮಾಡಿದೆವು. ಎಲ್ಲರೂ ಪಾಸ್‌ಪೋರ್ಟನ್ನು ಕೈಯಲ್ಲಿ ಎತ್ತಿ ಹಿಡಿಯಬೇಕು, ಎಣಿಸಿದ ಮೇಲೇ ಗಾಡಿ ಬಿಡುವುದು. 13 ಇತ್ತು. ಹದಿನಾಲ್ಕನೆಯದು ಪೂಜೆಗೆ ಅಂತ ದೇವರ ಮುಂದೆ ಇಟ್ಟಲ್ಲೇ ಉಳಿದಿತ್ತು. ಅವನ ತಂಗಿ ಓಡಿಬಂದು ಕಿಟಕಿಯಲ್ಲಿ ಕೊಟ್ಟಳು, ರಟ್ಟಿನ ಮೇಲೆ ಕುಂಕುಮ. ನೀವು ಪೂಜೆ ಮಾಡಿಸುವುದಾದರೆ ಕವರಿಗೆ ಮಾಡಿಸಿ, ಒಳಪುಟಕ್ಕೆ ಕಲೆ ಬೀಳಬಾರದು.

ಇಳಿದ ಕೂಡಲೇ ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿ, ಸಿಮ್ ಹಾಕಿ, ಮನೆಯವರ ಗುಂಪಿಗೆ ಒಂದು ಫೋಟೋ ಹಾಕಿ. ನಮ್ಮ ಫೋಟೋ ಹೋದಾಗ ಊರಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಮೊದಲ ಉತ್ತರ ಬಂದದ್ದು ಅಜ್ಜಿಯ ಫೋನಿನಿಂದ, ಧ್ವನಿ ಸಂದೇಶ: "ಹಿಟ್ಟು ಸೋರಿಲ್ಲ ತಾನೇ?"